ತೋಳು ಬಳಸಿ ಹೋಗುವ ಜಾಗ

ಬೇರೆಯವರು ಪೆನ್ಸಿಲ್ ಸಿಕ್ಕಿಸುವ ಕಿವಿಯ ಮೇಲೆ ಅವರು ಬೋಲ್ಟು ತಿರುಗಿಸುವ ಅಲೆನ್ ಕೀ ಸಿಕ್ಕಿಸಿಕೊಳ್ಳುತ್ತಿದ್ದರು. ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ; ಕಿವಿಯ ಹಿಂದೆ ಕಪ್ಪು ಗೆರೆಯೇ ಬಿದ್ದಿತ್ತು. ಕೆ.ಆರ್. ಪುರದ ನಮ್ಮ ಕಾರ್ಖಾನೆಯಲ್ಲಿ ಅವರು ಸೆಟ್ಟರ್: ಲೈನು ಒಂದು ಮಾಲು ಬಿಟ್ಟು ಇನ್ನೊಂದಕ್ಕೆ ತಿರುಗುವಾಗ ಯಂತ್ರಗಳನ್ನು ಅಣಿಗೊಳಿಸುವವರು. ರೋಬೋಟಿನ ಸುತ್ತಲ ರಕ್ಷಣಾ ಬೇಲಿಯೊಳಗೆ ನಿಂತು ಅದರ ತೋಳಿಗೆ ದಾರಿ ಕಲಿಸುವಾಗ, ತಾವು ನಿಂತಷ್ಟು ಜಾಗ ಬಿಟ್ಟು ಬಳಸಿ ಹೋಗುವಂತೆ ಕಲಿಸುತ್ತಿದ್ದರು. "ದೊಡ್ಡೋರು ನಿಂತಿದ್ರೆ ಸುತ್ಕೊಂಡ್ ಹೋಗ್ಬೇಕು. ಅಷ್ಟು ಮರ್ಯಾದೆ ಬೇಡ್ವಾ ಸಾರ್ ಅದಕ್ಕೆ?"

ನನ್ನದು ಮಹತ್ತರವಾದ ಹುದ್ದೆ. ಯಾವ ಲೈನು ಎಷ್ಟು ಸಲೀಸಾಗಿ ಬದಲಾಗುತ್ತದೆಂದು ಅಂಕ ಕೊಡುವುದು. ನನ್ನ ನಮೂನೆಯ ಮುಂದೆ ಬ್ರಹ್ಮ ಬರೆದದ್ದೂ ಕರಡು ಪ್ರತಿ. ನಾನು ಸ್ಟಾಪ್‌ವಾಚ್ ಹಿಡಿದು ಬರುವ ದಿನ ಅವರು ಗಂಟೆ ಮೊದಲೇ ಬಂದು, ಕೂಲ್‌ಡ್ರಿಂಕ್ ಡಬ್ಬಿ ಕತ್ತರಿಸಿ, ಮಾಲು ಅಲುಗದಂತೆ ತಗಡಿನ ಚೂರುಗಳನ್ನು ಅದನ್ನು ಹಿಡಿಯುವ ಸವೆದ ಕ್ಲಾಂಪುಗಳ ಕೆಳಗೆ ತೂರಿಸುತ್ತಿದ್ದರು. ಹೆಣ್ಣು ನೋಡಲು ಬರುವವರಿಗಾಗಿ ಮನೆ ಒಪ್ಪ ಮಾಡುವವರ ಹಾಗೆ. ಒಮ್ಮೆ ಕಣ್ಣಾರೆ ಕಂಡು, 'ಕೈಸಹಾಯ' ಎಂಬ ಕಾಲಂನಲ್ಲಿ ಏನು ಬರೆಯಲಿ ಎಂದು ಕೇಳಿದೆ.

"ಬೇಕಿಲ್ಲ ಅಂತ್ಲೇ ಬರೀರಿ ಸಾರ್. ಮಾರ್ಕ್ಸ್ ಲೈನಿಗೆ ಬರ್ಲಿ."

ಬರೆದೆ. ಆಡಳಿತದವರು ಅದನ್ನು ಭಕ್ತಿಯಿಂದ ಓದಿದರು. ಕೈ ಬೇಡದ ಲೈನಿಗೆ ಸೆಟ್ಟರ್ ಏಕೆ? ನಿವೃತ್ತಿಯ ಮೇಲೆ ಕಾಂಟ್ರಾಕ್ಟಿನಲ್ಲಿದ್ದ ಅವರನ್ನು ಮುಂದುವರಿಸಲಿಲ್ಲ. ಹೋಗುವಾಗ ನನ್ನನ್ನು ದೂರಲಿಲ್ಲ. ಮಾಲು ಬದಲಾಯಿಸುವಾಗ ಕರೆಯಿರಿ ಎಂದಷ್ಟೇ ಕೇಳಿದರು. ಖಂಡಿತ ಎಂದೆ.

ಮುಂದಿನ ಬದಲಾವಣೆಗೆ ಲೈನು ಮೂರು ದಿನ ನಿಂತಿತು. ಅವರನ್ನು ಕರೆಯುವುದೆಂದರೆ ನನ್ನ ನಮೂನೆ ಸುಳ್ಳೆಂದು ಒಪ್ಪಿದಂತೆ. ನಾಳೆ, ನಾಳೆ ಎಂದೆ. ನಾಲ್ಕನೆಯ ದಿನ ಹಲಸೂರಿನ ಅವರ ಮನೆಗೆ ಹೋದರೆ ಅವರ ಫೋಟೋಗೆ ಹಾರ ಬಿದ್ದಿತ್ತು. ಹಿಂದಿನ ಸಂಜೆಯಷ್ಟೇ ಮನೆಯವರು ಮಣ್ಣು ಮಾಡಿ ಬಂದಿದ್ದರು.

"ಸ್ನಾನಕ್ಕೆ ಹೋದ್ರೂ ಫೋನ್ ಬಾಗ್ಲಲ್ಲೇ ಇಡ್ತಿದ್ರು," ಎಂದರು ಅವರ ಹೆಂಡತಿ. "ಫ್ಯಾಕ್ಟ್ರಿಯಿಂದ ಕರೀತಾರೆ ಅಂತ."

ಆಮೇಲೆ ಕಾರ್ಖಾನೆಯವರು, ಅವರು ತೋಳಿಗೆ ಕಲಿಸಿದ್ದ ಹಳೆಯ ದಾರಿಯನ್ನೇ ನಕಲು ಮಾಡಿ ಲೈನನ್ನು ಹೇಗೋ ನಡೆಸಿದರು. ತೋಳು ಈಗಲೂ ಮಾಲನ್ನೆತ್ತಿ ನೇರ ಬರುತ್ತದೆ, ಒಂದು ಕಡೆ ಯಾರನ್ನೋ ಕಂಡಂತೆ ತಗ್ಗಿ, ಬಳಸಿ, ಮುಂದೆ ಹೋಗುತ್ತದೆ. ಅಲ್ಲಿ ಖಾಲಿ ನೆಲ. ಸುತ್ತು ತೆಗೆಸಿದರೆ ಎರಡು ಸೆಕೆಂಡು ಉಳಿಯುತ್ತದೆ, ಅಂಕ ಏರುತ್ತದೆ. ಶಿಫಾರಸು ಮಾಡಬೇಕಾದವನು ನಾನೇ. ಇನ್ನೂ ಮಾಡಿಲ್ಲ. 'ಕೈಸಹಾಯ'ದ ಎದುರು ಈಗ 'ಬೇಕು' ಎಂದು ಬರೆಯುತ್ತೇನೆ. ಯಾರದು ಎಂದು ಯಾರೂ ಕೇಳುವುದಿಲ್ಲ.

ಲೈನು ನಿಲ್ಲಿಸಿ ಬೇಲಿಯೊಳಗೆ ಹೋದಾಗ, ನಾನೂ ಆ ಜಾಗ ಬಳಸಿಯೇ ಹೋಗುತ್ತೇನೆ.