ಪುಟ್ಟನಂಜಮ್ಮನ ಎರಡನೆಯ ಗದ್ದ

ಅದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಹಿಂದಿನ ಮಾತು. ನಾನು ಎಲ್.ಎಂ.ಪಿ. ಮುಗಿಸಿ ಹುಣಸೂರಿನ ಸರ್ಕಾರಿ ಡಿಸ್ಪೆನ್ಸರಿಯಲ್ಲಿ ಹೆಂಗಸರ ವಿಭಾಗದ ಡಾಕ್ಟರಾಗಿದ್ದೆ. ಸುತ್ತಲ ಹಳ್ಳಿಗಳಿಂದ ಬರುತ್ತಿದ್ದವರಿಗೆ ನನ್ನ ಹೆಸರು ಬೇಕಿರಲಿಲ್ಲ, ನಾನು ಬರೀ ‘ಡಾಕ್ಟ್ರಮ್ಮ’. ಹೆರಿಗೆ, ಮಲೇರಿಯಾ, ಮಕ್ಕಳ ಭೇದಿ, ಇವುಗಳಲ್ಲೇ ದಿನ ಮುಗಿಯುತ್ತಿತ್ತು. ಅಂದ ಹೆಚ್ಚಿಸಿಕೊಡಿ ಎಂದು ಯಾರೂ ಬಂದವರಲ್ಲ. ಹಾಗೆ ಬಂದ ಮೊದಲನೆಯವರು ಪಿರಿಯಾಪಟ್ಟಣದ ಹತ್ತಿರದ ಕಂಪಲಾಪುರದ ಪುಟ್ಟನಂಜಮ್ಮ.

ಬೇಸಗೆಯ ಒಂದು ಬೆಳಿಗ್ಗೆ ಗಂಡ ಗುರುಮಲ್ಲಪ್ಪನವರ ಜೊತೆ ಗಾಡಿಯಲ್ಲಿ ಬಂದರು. ಗುರುಮಲ್ಲಪ್ಪನವರಿಗೆ ಕಂಪಲಾಪುರದಲ್ಲಿ ಬಟ್ಟೆ ಅಂಗಡಿ, ಊರಾಚೆ ಸ್ವಲ್ಪ ಗದ್ದೆ. ಲಿಂಗ ಕಟ್ಟಿದ, ಮಾಂಸ ಮುಟ್ಟದ ಮನೆತನ. ಆಕೆಗೆ ನಲವತ್ತು ದಾಟಿರಲಿಲ್ಲ. ಮುಖ ಉಬ್ಬಿ, ಗದ್ದದ ಕೆಳಗೆ ಇನ್ನೊಂದು ಗದ್ದ ಜೋತು ಬಿದ್ದಿತ್ತು. ಅದರ ಮೇಲೆ ಸುಟ್ಟ ಗಾಯದ ಕಲೆಗಳು. ಏನೆಂದು ಕೇಳಿದೆ.

‘ಅಂತರಸಂತೆ ಸಂತೇಲಿ ಒಬ್ಬ ಮದ್ದಿನೋನು ಸೊಪ್ಪು ಅರ್ದು ಕೊಟ್ಟ ಕಣವ್ವ. ಮಾಂಸ ಕರಗ್ತದೆ ಅಂದ. ಮಾಂಸ ಅಂಗೇ ಅದೆ, ಚರ್ಮ ಬೆಂದೋಯ್ತು’ ಎಂದರು. ಧ್ವನಿ ಗಂಡಸಿನಂತೆ ಗೊಗ್ಗರಾಗಿತ್ತು. ಒಂದೊಂದು ಮಾತೂ ನಿಧಾನವಾಗಿ ಹೊರಡುತ್ತಿತ್ತು.

ಸೆರಗಿನ ಗಂಟು ಬಿಚ್ಚಿ ಎರಡು ವಸ್ತು ಮೇಜಿನ ಮೇಲಿಟ್ಟರು. ಒಂದು, ಮದ್ರಾಸಿನ ಪತ್ರಿಕೆಯಿಂದ ಕತ್ತರಿಸಿದ ಜಾಹೀರಾತು: ಗದ್ದಕ್ಕೂ ನೆತ್ತಿಗೂ ಸೇರಿಸಿ ಕಟ್ಟುವ ರಬ್ಬರ್ ಪಟ್ಟಿ, ಅಂಚೆಯ ವಿ.ಪಿ. ಮೂಲಕ ಮನೆಗೇ ಬರುತ್ತದೆ. ಇನ್ನೊಂದು ಚಿನ್ನದ ಅಡ್ಡಿಕೆ. ‘ಇದು ಈಗ ನನ್ ಕತ್ತಿಗೆ ಸುತ್ತು ಬರಾಕಿಲ್ಲ. ಪಟ್ಟೀಲಿ ಆಗಾದಾದ್ರೆ ಪಟ್ಟಿ ತರಿಸ್ಕೊಡಿ. ಇಲ್ದಿದ್ರೆ ಇದುನ್ನ ಮಾರಿ ಮೈಸೂರ್ನಲ್ಲಿ ಕೊಯ್ಸಿಬುಡಿ.’

ಗುರುಮಲ್ಲಪ್ಪನವರಿಗೆ ಸಂಕೋಚ. ‘ಉಂಡುಟ್ಟ ಮನೆ ಹೆಂಗ್ಸು ಮೈ ತುಂಬ್ಕಂಡ್ರೆ ಜನ ಒಳ್ಳೇದೇ ಅಂತಾರೆ. ಇವಳಿಗೊಂದು ಹುಚ್ಚು ಬುಡಿ ಡಾಕ್ಟ್ರಮ್ಮ’ ಎಂದು ನಕ್ಕರು.

ಆಕೆ ನಗಲಿಲ್ಲ. ‘ನಾನು ಸೋಬಾನೆ ಪದ ಏಳೋಳು ಕಣವ್ವ. ಸುತ್ತೇಳು ಊರಲ್ಲಿ ನಾನಿಲ್ದೆ ಮದುವೆ ಹೆಣ್ಣು ಹಸೆ ಏರ್ತಿರ್ಲಿಲ್ಲ. ಈಗ ಬಾಯಿ ಬುಟ್ರೆ ಕತ್ತೆ ಕೂಗ್ದಂಗಾಯ್ತದೆ. ಈ ಮಾಂಸ ಜೋತು ಬಿದ್ದು ಗಂಟ್ಲ ಅಮುಕ್ತಾ ಅದೆ. ತಂಗಿ ಮಗಳ ಮದ್ವೇಲಿ ಪಟ ತೆಗುದ್ರು. ಪಟದಲ್ಲಿ ನಾನೆಲ್ಲಿ ಅಂತ ನಾನೇ ಉಡುಕ್ದೆ’ ಎಂದರು.

ಆ ಕಾಲಕ್ಕೆ ಇದ್ದ ದಾರಿಗಳು ಇಷ್ಟೇ. ರಬ್ಬರ್ ಪಟ್ಟಿ ಕಟ್ಟಿದರೆ ಬೆವರು ಬಂದೀತು, ಕೊಬ್ಬು ಕರಗದು. ಪಥ್ಯ ಮಾಡಿಸಬಹುದಾಗಿತ್ತು, ಆದರೆ ಆಕೆ ಆಗಲೇ ಅರ್ಧ ಮುದ್ದೆಗೆ ಇಳಿದಿದ್ದರು. ಕುತ್ತಿಗೆಯಲ್ಲಿ ಕೊಬ್ಬಿನ ಗಡ್ಡೆ ಇದ್ದರೆ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಸರ್ಜನರು ತೆಗೆಯುತ್ತಿದ್ದರು. ಆದರೆ ಬರೀ ಅಂದಕ್ಕಾಗಿ ಗದ್ದದಡಿಯನ್ನು ಕೊಯ್ಯುವವರು ನಮ್ಮ ಸೀಮೆಯಲ್ಲಿರಲಿಲ್ಲ. ಮುಂಬಯಿಗೋ ಮದ್ರಾಸಿಗೋ ಹೋಗಬೇಕು. ರೈಲಿನ ಖರ್ಚು, ವಾರಗಟ್ಟಲೆ ಉಳಿಯುವ ಖರ್ಚು, ಸರ್ಜನರ ಫೀಸು ಸೇರಿದರೆ ಆ ಅಡ್ಡಿಕೆಯೂ ಸಾಲುತ್ತಿರಲಿಲ್ಲ. ಅದರ ಮೇಲೆ ಪ್ರಜ್ಞೆ ತಪ್ಪಿಸಲು ಕ್ಲೋರೋಫಾರಂ ಕೊಡುವ ಅಪಾಯ, ಕೊರಳ ಮೇಲೆ ಉಳಿಯುವ ಗಾಯದ ಗೆರೆ.

ಇದನ್ನೆಲ್ಲ ಹೇಳುತ್ತಿದ್ದಾಗ ನನ್ನ ಕಣ್ಣಿಗೆ ಬಿದ್ದದ್ದು ಆಕೆ ಹೊದ್ದಿದ್ದ ಕಂಬಳಿ. ಹೊರಗೆ ಬಿಸಿಲು ಕಾಯುತ್ತಿತ್ತು, ನಾನು ಬೀಸಣಿಗೆ ಬೀಸಿಕೊಳ್ಳುತ್ತಿದ್ದೆ. ಆಕೆ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡರು. ‘ಚಳಿಯೇನಮ್ಮ?’ ಎಂದೆ. ‘ಓದ್ವರ್ಷದಿಂದ ಹಿಂಗೇಯ. ಒಲೆ ಮುಂದೆ ಕುಂತ್ರೂ ಚಳಿ ಬುಡಾಕಿಲ್ಲ.’

ಕೈ ಹಿಡಿದು ನೋಡಿದೆ. ಚರ್ಮ ಒರಟು, ತಣ್ಣಗೆ. ನಾಡಿ ಬಹಳ ನಿಧಾನ. ಹುಬ್ಬಿನ ಹೊರತುದಿಯ ಕೂದಲು ಉದುರಿತ್ತು. ಗದ್ದದಡಿಯ ಊತವನ್ನು ಬೆರಳಿನಿಂದ ಒತ್ತಿದರೆ ಕೊಬ್ಬಿನಂತಿರಲಿಲ್ಲ, ಹಿಟ್ಟಿನ ಮುದ್ದೆಯಂತೆ ಬಿಗಿಯಾಗಿತ್ತು. ಕೊರಳ ಮುಂಭಾಗದಲ್ಲಿ ಥೈರಾಯ್ಡ್ ಎಂಬ ಗ್ರಂಥಿಯಿದೆ. ಮೈಯ ಬಿಸಿ, ಚುರುಕು ಎಲ್ಲ ಅದರ ರಸದಿಂದ. ಅದು ಬತ್ತಿದರೆ ಮನುಷ್ಯ ಮಂದವಾಗುತ್ತಾನೆ, ಮುಖ ಉಬ್ಬುತ್ತದೆ, ಧ್ವನಿ ಒಡೆಯುತ್ತದೆ. ಮಿಕ್ಸಿಡೀಮಾ ಎಂದು ಇದರ ಹೆಸರು. ನಾನು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ಮೈಸೂರಿನಲ್ಲಿ ನನಗೆ ಪಾಠ ಹೇಳಿದ್ದ ಹಿರಿಯ ಸರ್ಜನರೊಬ್ಬರಿದ್ದರು. ದಂಪತಿಗಳನ್ನು ಬಸ್ಸಿನಲ್ಲಿ ಅವರ ಬಳಿಗೆ ನಾನೇ ಕರೆದುಕೊಂಡು ಹೋದೆ. ಅವರು ಬಹಳ ಹೊತ್ತು ಪರೀಕ್ಷಿಸಿ, ಕೈ ತೊಳೆಯುತ್ತ ನನ್ನ ಕಡೆ ತಿರುಗಿದರು. ‘ನೀನು ಹೇಳಿದ್ದು ಸರಿ. ಈ ನಾಡಿಯಲ್ಲಿ ಯಾರಾದರೂ ಕ್ಲೋರೋಫಾರಂ ಕೊಟ್ಟಿದ್ದರೆ ಆಕೆ ಮೇಜಿನಿಂದ ಏಳುತ್ತಿರಲಿಲ್ಲ. ಹೀಗೇ ಬಿಟ್ಟರೂ ಬಹಳ ವರ್ಷ ಉಳಿಯುವುದಿಲ್ಲ. ಥೈರಾಯ್ಡ್ ಮಾತ್ರೆ ಕೊಡು, ಜೀವ ಇರುವವರೆಗೂ ಕೊಡಬೇಕು’ ಎಂದರು. ಅವರ ಆ ಮಾತಿನಿಂದ ನನಗೆ ಬಂದ ಧೈರ್ಯ ದೊಡ್ಡದು.

ಆದರೆ ಕಷ್ಟ ಶುರುವಾದದ್ದು ಅಲ್ಲಿಂದಲೇ. ಆ ಮಾತ್ರೆ ಕುರಿಯ ಥೈರಾಯ್ಡ್ ಗ್ರಂಥಿಯನ್ನು ಒಣಗಿಸಿ ಮಾಡಿದ್ದು. ಬೇರೆ ಮದ್ದು ನಮ್ಮ ಕೈಗೆ ಸಿಗುವಂತಿರಲಿಲ್ಲ. ಬಾಟಲಿಯ ಮೇಲಿನ ಇಂಗ್ಲಿಷು ಅವರಿಬ್ಬರಿಗೂ ಬಾರದು. ಸುಮ್ಮನೆ ಕೊಟ್ಟಿದ್ದರೆ ಸುಮ್ಮನೆ ನುಂಗುತ್ತಿದ್ದರು. ನನ್ನಿಂದ ಆಗಲಿಲ್ಲ. ಹುಣಸೂರಿಗೆ ಬಂದಮೇಲೆ ಇಬ್ಬರನ್ನೂ ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಗುರುಮಲ್ಲಪ್ಪನವರ ಮುಖ ಕಪ್ಪಿಟ್ಟಿತು. ‘ನೀವು ಏಳ್ದಿದ್ರೆ ನಮ್ಗೆ ಗೊತ್ತೇ ಆಯ್ತಿರ್ಲಿಲ್ವಲ್ಲ! ಯಾಕೇಳುದ್ರಿ?’

‘ಅವರ ಬಾಯಿಗೆ ಹೋಗುವುದು ಏನೆಂದು ಅವರಿಗೆ ಗೊತ್ತಿರಬೇಕಲ್ಲವೇ?’ ಎಂದೆ.

ಪುಟ್ಟನಂಜಮ್ಮ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಕೈಯಲ್ಲಿ ಮುಚ್ಚಿಕೊಂಡು ಕೂತಿದ್ದರು. ಹಾಗೇ ಎದ್ದು ಹೋದರು. ವಾರಗಳಾದರೂ ಸುದ್ದಿಯಿಲ್ಲ. ಪಿರಿಯಾಪಟ್ಟಣದ ಕಡೆಯಿಂದ ಯಾವ ಗಾಡಿ ಬಂದರೂ ನಾನು ಕಿಟಕಿಯಲ್ಲಿ ಇಣುಕುತ್ತಿದ್ದೆ. ಸತ್ಯ ಹೇಳಿ ಒಂದು ಜೀವ ಕಳೆದೆನೇ ಎಂಬ ಅಳುಕು.

ಕೊನೆಗೆ ಮಳೆ ಹಿಡಿಯುವ ಹೊತ್ತಿಗೆ ಬಂದರು. ನಡೆಯಲಾರದೆ ಗಂಡನ ತೋಳು ಹಿಡಿದಿದ್ದರು.

‘ಮಠದ ಸ್ವಾಮ್ಗೋಳ್ನ ಕೇಳೂಮಾ ಅಂದ್ರು ನಮ್ಮೋರು. ಬ್ಯಾಡ ಅಂದೆ’ ಎಂದು ಉಸಿರು ತೆಗೆದುಕೊಂಡು ಮುಂದುವರಿಸಿದರು. ‘ಅವ್ರು ಬ್ಯಾಡ ಅಂದ್ರೆ ನಾನು ಸಾಯ್ಬೇಕು. ಊಂ ಅಂದ್ರೆ ಪಾಪ ಅವ್ರ ತಲೇಗೆ. ಗಂಟ್ಲು ನಂದು. ಲಿಂಗಯ್ಯಂಗೆ ನಾನೇ ಏಳ್ಕತೀನಿ. ಕೊಡಿ ಮಾತ್ರೆ.’

ಗುರುಮಲ್ಲಪ್ಪನವರೇ ಲೋಟದಲ್ಲಿ ನೀರು ತಂದು ಕೊಟ್ಟರು.

ಮುಂದಿನದನ್ನು ಪವಾಡ ಎನ್ನಬಹುದು, ಆದರೆ ಅದು ವಿಜ್ಞಾನ. ಅತಿ ಕಡಿಮೆ ಪ್ರಮಾಣದಲ್ಲಿ ಶುರುಮಾಡಿ, ನಾಡಿ ನೋಡುತ್ತ ಏರಿಸಿದೆ. ಮೊದಲು ಕಂಬಳಿ ಹೋಯಿತು. ಆಮೇಲೆ ಮುಖದ ಉಬ್ಬು ಇಳಿದು ಕಣ್ಣುಗಳು ಹೊರಗೆ ಕಂಡವು. ಹುಬ್ಬು ಚಿಗುರಿತು. ಶಿವರಾತ್ರಿಯ ಹೊತ್ತಿಗೆ ಧ್ವನಿಯ ಗೊಗ್ಗರು ಹರಿದು, ಡಿಸ್ಪೆನ್ಸರಿಯ ಜಗಲಿಯಲ್ಲಿ ಕೂತು ಕೂಸೊಂದನ್ನು ಸಮಾಧಾನ ಮಾಡಲು ಹಾಡು ಗುನುಗಿದರು. ನನ್ನ ಕೈಯಲ್ಲಿದ್ದ ಸಿರಿಂಜು ಹಾಗೇ ನಿಂತಿತು. ಅಂಥ ಕಂಠವನ್ನು ಆ ಊತ ಇಷ್ಟು ದಿನ ಮುಚ್ಚಿಟ್ಟಿತ್ತು.

ಗದ್ದದಡಿ ಸ್ವಲ್ಪ ಮಾಂಸ ಉಳಿದೇ ಇತ್ತು. ಅದಕ್ಕೇನು ಮಾಡೋಣ ಎಂದೆ. ‘ಅದು ಇರ್ಲಿ ಬುಡಿ ಡಾಕ್ಟ್ರಮ್ಮ. ಅದು ರೋಗದ್ದಲ್ಲ, ಮನೆ ತುಪ್ಪದ್ದು’ ಎಂದು ನಕ್ಕರು.

ಯುದ್ಧ ಬಂತು. ಮಾತ್ರೆ ಬರುತ್ತಿದ್ದುದು ಹಡಗಿನಲ್ಲಿ. ಮೊದಲು ತಡವಾಯಿತು, ಆಮೇಲೆ ಮೈಸೂರಿನ ಔಷಧದಂಗಡಿಯವರು ಇಲ್ಲವೆಂದೇ ಬರೆದರು. ನಾಲ್ಕಾರು ಊರುಗಳಿಗೆ ಕಾಗದ ಹಾಕಿದೆ. ಅಷ್ಟರಲ್ಲಿ ಪುಟ್ಟನಂಜಮ್ಮ ಮತ್ತೆ ಕಂಬಳಿ ಹೊದ್ದು ಬಂದರು, ಮುಖ ಮತ್ತೆ ಊದುತ್ತಿತ್ತು.

ಮಾತ್ರೆಗಳು ಬರುವುದಕ್ಕೆ ಮುಂಚೆ ಕುರಿಯ ಗ್ರಂಥಿಯನ್ನೇ ಕೊಡುತ್ತಿದ್ದರೆಂದು ಓದಿದ್ದು ನೆನಪಿತ್ತು. ಆಕೆಯನ್ನು ಕೇಳಿದೆ. ‘ಒಳಗಿರಾದು ಅದೇ ಅಲ್ವಾ? ಕೊಡಿ’ ಎಂದರು. ಹುಣಸೂರಿನಲ್ಲಿ ಮಾಂಸದಂಗಡಿ ಇಟ್ಟಿದ್ದ ಖಾಸಿಂ ಸಾಹೇಬರ ಬಳಿಗೆ ಹೋದೆ. ಗಂಭೀರ ಮನುಷ್ಯ, ನನ್ನ ಅಪ್ಪನ ವಯಸ್ಸು. ಕೊರಳಿನಲ್ಲಿ ಆ ಗ್ರಂಥಿ ಎಲ್ಲಿರುತ್ತದೆಂದು ಚಿತ್ರ ಬರೆದು ತೋರಿಸಿ, ಒಬ್ಬ ಹೆಂಗಸಿಗೆ ಮದ್ದಿಗೆ ಬೇಕು, ಮಾಂಸ ಮುಟ್ಟದ ಮನೆಯವರು, ಹಾಡುವವರು ಎಂದೆ. ಊರ ಹೆಸರು ಹೇಳಲು ಬಾಯಿ ತೆರೆದಾಗ ಅವರು ಕೈ ಅಡ್ಡ ಮಾಡಿದರು.

‘ಯಾರಿಗೆ ಅಂತ ಏಳ್ಬೇಡಿ ಡಾಕ್ಟ್ರಮ್ಮ. ನಾಳೆ ಸಂತೇಲಿ ಎದ್ರುಗೆ ಸಿಕ್ದಾಗ ನನ್ ಮುಖ ನೋಡಿ ಆ ತಾಯಿ ತಲೆ ತಗ್ಗಿಸ್ಬಾರ್ದು.’

ಅಂದಿನಿಂದ ಯುದ್ಧ ಮುಗಿಯುವವರೆಗೆ ಅವರು ತಪ್ಪಿಸಲಿಲ್ಲ. ಬೇರೆ ಯಾವುದಕ್ಕೂ ಬಳಸದ ಹೊಸ ಹಿತ್ತಾಳೆ ಡಬ್ಬಿಯಲ್ಲಿ, ಬಿಳಿ ಬಟ್ಟೆ ಮುಚ್ಚಿ ತಾವೇ ತಂದುಕೊಡುತ್ತಿದ್ದರು. ನಾನು ಕೊಬ್ಬು ಬಿಡಿಸಿ, ಹದ ಬಿಸಿಯಲ್ಲಿ ಒಣಗಿಸಿ, ಪುಡಿ ಮಾಡಿ, ತೂಕ ನೋಡಿ ಪೊಟ್ಟಣ ಕಟ್ಟುತ್ತಿದ್ದೆ. ಮಾತ್ರೆಯಂತೆ ಇದರ ಶಕ್ತಿ ಒಂದೇ ಸಮ ಇರುವುದಿಲ್ಲ. ಒಮ್ಮೆ ಹೆಚ್ಚಾಗಿ ಆಕೆಯ ಎದೆ ಡವಗುಟ್ಟಿತು, ಕೈ ನಡುಗಿತು. ತಕ್ಷಣ ನಿಲ್ಲಿಸಿ, ಆಮೇಲೆ ಅರ್ಧಕ್ಕಿಳಿಸಿದೆ. ಹೇಗೋ ದಾಟಿದೆವು. ಆ ವರ್ಷಗಳಲ್ಲಿ ಪಿರಿಯಾಪಟ್ಟಣದ ಸೀಮೆಯಲ್ಲಿ ಎಷ್ಟೋ ಮದುಮಕ್ಕಳು ಆಕೆಯ ಸೋಬಾನೆ ಕೇಳುತ್ತ ಹಸೆ ಏರಿದರು.

ಯುದ್ಧ ಮುಗಿದು ಮಾತ್ರೆ ಮತ್ತೆ ಬಂದ ದಿನ ಪುಟ್ಟನಂಜಮ್ಮ ಕೇಳಿದರು: ‘ಇಷ್ಟು ದಿನ ತಂದ್ಕೊಟ್ಟೋರು ಯಾರವ್ವ? ನಾನೋಗಿ ಒಂದ್ಮಾತು ಏಳ್ಬೇಕು.’

ಖಾಸಿಂ ಸಾಹೇಬರ ಒಪ್ಪಿಗೆಯಿಲ್ಲದೆ ಹೇಳುವಂತಿರಲಿಲ್ಲ. ಅವರನ್ನು ಕೇಳಿದೆ. ಬಹಳ ಹಿಂಜರಿದರು. ‘ಅವ್ರಿಗೆ ಇಷ್ಟ ಇದ್ರೆ ಬರ್ಲಿ. ಅಂಗಡೀಗೆ ಬ್ಯಾಡ, ಮನೆಗೆ ಕರ್ಕೊಂಡು ಬನ್ನಿ’ ಎಂದರು.

ಗಂಡಹೆಂಡಿರ ಜೊತೆ ನಾನೂ ಹೋದೆ. ಅಂಗಳದಲ್ಲಿ ಚಾಪೆ ಹಾಸಿತ್ತು. ಖಾಸಿಂ ಸಾಹೇಬರು ತಲೆಬಗ್ಗಿಸಿ ಒಂದು ಪಕ್ಕಕ್ಕೆ ನಿಂತಿದ್ದರು, ಅವರ ಹೆಂಡತಿ ಬಾಗಿಲ ಪರದೆಯ ಹಿಂದೆ. ಪುಟ್ಟನಂಜಮ್ಮ ಚಾಪೆಯ ಮೇಲೆ ಕೂರಲಿಲ್ಲ. ನೇರವಾಗಿ ಅವರ ಮುಂದೆ ಹೋಗಿ ನಿಂತು, ‘ಅಣ್ಣ, ನನ್ ಗಂಟ್ಲು ನಿಮ್ದು ಕಣಣ್ಣ’ ಎಂದರು.

‘ಅಂಗನ್ಬೇಡಿ ತಾಯಿ. ನಂದೇನದೆ ಅದ್ರಲ್ಲಿ? ಕೊಟ್ಟದ್ದು ಕುರಿ, ಉಳಿಸಿದ್ದು ಅಲ್ಲಾ’ ಎಂದರು ಅವರು. ಕಣ್ಣು ತುಂಬಿತ್ತು. ಪರದೆಯ ಹಿಂದಿನಿಂದ ಹೆಂಡತಿಯ ದನಿ ಬಂತು: ‘ಹಾಡ್ತಾರಂತಲ್ಲ, ಒಂದು ಹಾಡೋಕೆ ಹೇಳಿ.’

ಪುಟ್ಟನಂಜಮ್ಮ ಆಗ ಕೂತರು. ಹಾಡಿದ್ದು ಮದುಮಗಳನ್ನು ಹಸೆಗೆ ಕರೆಯುವ ಹಾಡು. ಆ ಮನೆಯಲ್ಲಿ ಅಂದು ಮದುವೆಯಿರಲಿಲ್ಲ, ಮದುಮಗಳೂ ಇರಲಿಲ್ಲ. ಆದರೂ ಹಾಡು ಮುಗಿಯುವ ಹೊತ್ತಿಗೆ ಪರದೆ ಸರಿಸಿ ಸಾಹೇಬರ ಹೆಂಡತಿ ಹೊರಗೆ ಬಂದು ಪುಟ್ಟನಂಜಮ್ಮನ ಪಕ್ಕದಲ್ಲಿ ಕೂತಿದ್ದರು.

ಹುಣಸೂರಿನಿಂದ ಮುಂದೆ ಬೇರೆ ಬೇರೆ ಊರುಗಳಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ಮುಖದ ಮಚ್ಚೆ, ಉದುರುವ ಕೂದಲು, ದಪ್ಪವಾದ ಕುತ್ತಿಗೆ ಎಂದು ನಾಚಿಕೊಂಡು ಬಂದ ಎಷ್ಟೋ ಹೆಂಗಸರನ್ನು ನೋಡಿದೆ. ಅಂದದ ಚಿಂತೆ ಎಂದು ಯಾರನ್ನೂ ನಕ್ಕು ಕಳಿಸಲಿಲ್ಲ. ಕನ್ನಡಿಯಲ್ಲಿ ತನ್ನ ಮುಖ ತನ್ನದಲ್ಲವೆಂದು ಒಬ್ಬ ಹೆಂಗಸು ಹೇಳಿದರೆ, ಅದನ್ನು ಡಾಕ್ಟರು ನಂಬಿ ಕೈ ಹಿಡಿದು ನಾಡಿ ನೋಡಬೇಕು. ಮದ್ದು ಏನೆಂದು ಆಕೆಗೆ ಹೇಳಿ, ತೀರ್ಮಾನವನ್ನು ಆಕೆಗೇ ಬಿಡಬೇಕು. ಇದನ್ನು ನನಗೆ ಕಾಲೇಜು ಕಲಿಸಲಿಲ್ಲ. ಗಂಡ ನಕ್ಕರೂ ನಾಚದೆ ನನ್ನ ಮೇಜಿನ ಮುಂದೆ ಕೂತು ಕೇಳಿದ ಪುಟ್ಟನಂಜಮ್ಮ ಕಲಿಸಿದರು. ಆಕೆ ಅಂದು ಗಾಡಿ ಹತ್ತಿ ಬಂದದ್ದಕ್ಕೆ ನಾನು ಇಂದಿಗೂ ಋಣಿ.