ಪರದೆಯ ಆಚೆಯಿಂದ ಕಲಿತ ಜೈತೂನ್ ಗೋಷ್

ನನ್ನ ಗಂಡ ಕುವೈತಿನಲ್ಲಿ ತೀರಿಕೊಂಡ ಸುದ್ದಿ ಬಂದಾಗ ನಾನು ಭಾಲ್ಕಿಯ ಶಾಲೆಯಲ್ಲಿ ಕೂತು ಆರನೇ ತರಗತಿಯ ಕನ್ನಡ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಫೋನ್ ಮಾಡಿದ್ದು ಗೊತ್ತಿಲ್ಲದ ಒಬ್ಬ ಗಂಡಸು.

"ಭಾಬಿ, ನಾ ಔರಾದ ತಾಲೂಕಿನ ಎಕಂಬಾದಾವ್ರಿ. ಭಾಯಿ ಅಡಗಿ ಮಾಡ್ತಾರಲ್ರಿ, ಅದೇ ಮನ್ಯಾಗ ಡ್ರೈವರ್ ಇದ್ದೀನಿ," ಎಂದರು. ಆಮೇಲೆ ಸುದ್ದಿ ಹೇಳಿದರು. ಬೆಳಿಗ್ಗೆ ಅಡುಗೆಮನೆಯಲ್ಲಿ ಬೆನ್ನು ನೋಯುತ್ತಿದೆ ಎಂದು ನೆಲದ ಮೇಲೆ ಕೂತರಂತೆ. ಕಾರಿನಲ್ಲಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ.

"ಆಯ್ತ್ರಿ," ಎಂದೆ.

ನಾಲ್ಕು ಪತ್ರಿಕೆಗಳು ಉಳಿದಿದ್ದವು. ಅವನ್ನೂ ತಿದ್ದಿದೆ. ಒಬ್ಬ ಹುಡುಗಿ 'ಶಾಲೆ' ಎಂಬುದನ್ನು ಮನೆಯಲ್ಲಿ ಆಡುವಂತೆ 'ಸಾಲಿ' ಎಂದೇ ಬರೆದಿದ್ದಳು. ಅದರ ಸುತ್ತ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಸರಿಯಾದ ರೂಪ ಬರೆದೆ. ನನ್ನ ಅಕ್ಷರ ಎಂದಿನಂತೆಯೇ ಇತ್ತು. ಆಮೇಲೆ ಪತ್ರಿಕೆಗಳನ್ನು ಕಟ್ಟಿಟ್ಟು, ಅದೇ ಊರಿನಲ್ಲಿ ಭಾವನವರ ಮನೆಯಲ್ಲಿದ್ದ ಅತ್ತೆಯ ಬಳಿಗೆ ನಡೆದುಹೋದೆ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಹೇಳಿದೆ. ಅವರು ಕೂಗಿದ ಕೂಗಿಗೆ ಅಕ್ಕಪಕ್ಕದವರೆಲ್ಲ ಓಡಿಬಂದರು. ನಾನು ಚೆಲ್ಲಿದ ಅಕ್ಕಿಯನ್ನು ಬಳಿದು ಮತ್ತೆ ಮೊರಕ್ಕೆ ಹಾಕಿದೆ.

ನನ್ನ ಗಂಡನನ್ನು ಕುವೈತಿನಲ್ಲೇ ಮಣ್ಣು ಮಾಡಿದರು. ನಾವು ಅದನ್ನು ನೋಡಿದ್ದು ವಿಡಿಯೋ ಕಾಲ್‌ನಲ್ಲಿ. ನಡುವೆ ಚಿತ್ರ ನಿಂತುಹೋಯಿತು. ಒಬ್ಬರ ಕೈ, ಸಲಿಕೆ, ಹಿಂದೆ ಬಿಳಿ ಆಕಾಶ, ಇಷ್ಟೇ ಪರದೆಯ ಮೇಲೆ ಉಳಿದವು. ಮತ್ತೆ ಚಿತ್ರ ಚಲಿಸಿದಾಗ ಜನ ತಿರುಗಿ ನಡೆಯುತ್ತಿದ್ದರು.

ನಾವಿದ್ದದ್ದು ಬೀದರಿನಲ್ಲಿ, ಹಳೇ ಪಟ್ಟಣದೊಳಗಿನ ಎರಡು ಕೋಣೆಯ ಮನೆಯಲ್ಲಿ. ಮಕ್ಕಳಿರಲಿಲ್ಲ. ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಗೆ ಬರುತ್ತಿದ್ದರು. ಉಳಿದಂತೆ ಅವರು ನನಗೆ ಫೋನಿನಲ್ಲಿ ಬರುವ ಒಂದು ದನಿ. ಊಟ ಆಯಿತಾ, ನಲ್ಲಿಯಲ್ಲಿ ನೀರು ಬಂತಾ, ಅಮ್ಮಿಯ ಮೊಣಕಾಲು ಹೇಗಿದೆ, ಇಂಥವೇ ಮಾತು. ನಮ್ಮ ನಡುವೆ ಜಗಳವೂ ಇರಲಿಲ್ಲ.

ನಮ್ಮಲ್ಲಿ ಗಂಡ ಸತ್ತ ಮೇಲೆ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು, ಹೊರಗಿನ ಗಂಡಸರ ಎದುರಿಗೆ ಬರಬಾರದು. ಅದಕ್ಕೆ ಇದ್ದತ್ ಅನ್ನುತ್ತಾರೆ. ಅತ್ತೆ ಭಾಲ್ಕಿಯಿಂದ ಬಂದು ನನ್ನ ಜೊತೆ ಉಳಿದರು. ಬಂದ ಹೆಂಗಸರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಅತ್ತುಬಿಡು, ಎದೆ ಹಗುರಾಗುತ್ತದೆ ಎಂದು ಒಬ್ಬರು ಬೆನ್ನು ಸವರಿದರು. ಅಳು ಬರಲಿಲ್ಲ. ಹಲ್ಲು ಕೀಳುವ ಮುಂಚೆ ಕೊಡುವ ಇಂಜೆಕ್ಷನ್ನಿನ ಹಾಗೆ ಎಲ್ಲ ಜೋಮು ಹಿಡಿದಿತ್ತು. ಮುಟ್ಟಿದ್ದು ತಿಳಿಯುತ್ತಿತ್ತು, ನೋವು ತಿಳಿಯುತ್ತಿರಲಿಲ್ಲ. ಬಟ್ಟೆ ಒಗೆದೆ. ಕಿಟಕಿ ಒರೆಸಿದೆ. ಒರೆಸಿದ ಕಿಟಕಿಯನ್ನೇ ಮರುದಿನ ಮತ್ತೆ ಒರೆಸಿದೆ. ಅತ್ತೆ ಊಟ ಬಿಟ್ಟಂತೆಯೇ ಆಗಿತ್ತು. ಚಹಾದಲ್ಲಿ ಅರ್ಧ ಬನ್ನು ಅದ್ದಿಕೊಂಡು ದಿನ ತಳ್ಳುತ್ತಿದ್ದರು.

ಮೂರನೇ ತಿಂಗಳಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಆ ಡ್ರೈವರ್ ಬಂದರು. ರಜೆಗೆ ಊರಿಗೆ ಬಂದವರು ನನ್ನ ಗಂಡನ ಸೂಟ್‌ಕೇಸ್ ತಂದಿದ್ದರು. ನಾನು ಒಳಗಿನ ಕೋಣೆಗೆ ಸರಿದೆ. ನಡುವಿನ ಬಾಗಿಲಿಗೆ ದಪ್ಪ ಹಸಿರು ಪರದೆ ಇತ್ತು. ಒಳಗಿನ ಕೋಣೆಯ ಮೂಲೆಯೇ ನಮ್ಮ ಅಡುಗೆಮನೆ. ಅವರು ಆಚೆ ಚಾಪೆಯ ಮೇಲೆ ಕೂತರು. ಮನೆಯಲ್ಲಿ ನಮ್ಮದು ದಖನಿ ಉರ್ದು ಮಾತು, ಆದರೆ ಅತ್ತೆ ಭಾಲ್ಕಿಯ ಸಂತೆಯಲ್ಲಿ ಕಲಿತ ಕನ್ನಡವನ್ನು ಸಲೀಸಾಗಿ ಆಡುತ್ತಿದ್ದರು.

"ಬಾ ಬೇಟಾ. ಊಟ ಮಾಡ್ಕೊಂಡೇ ಹೋಗ್ಬೇಕು," ಎಂದರು.

"ಅಮ್ಮಾ, ನಾವು ಲಿಂಗ ಕಟ್ಕೊಂಡೋರು. ಮಾಂಸ ತಿನ್ನಂಗಿಲ್ರಿ. ಚಾ ಕುಡೀತೀನಿ."

ಅತ್ತೆ ಸೂಟ್‌ಕೇಸನ್ನು ಒಳಗೆ ಎಳೆದು ತಂದರು. ತೆರೆದೆ. ಎರಡು ಪ್ಯಾಂಟು, ಟೋಪಿ, ಗಡ್ಡ ಮಾಡುವ ಸಾಮಾನು, ಎಣ್ಣೆ ಸಿಡಿದು ಕಲೆಯಾದ ಒಂದು ಏಪ್ರನ್. ಅದರೊಳಗೆ ಸುತ್ತಿಟ್ಟ ಎರಡು ಬಾಟಲಿ. ಒಂದರಲ್ಲಿ ಉಪ್ಪುನೀರಿನಲ್ಲಿ ಮುಳುಗಿದ ಹಸಿರು ಕಾಯಿಗಳು, ಇನ್ನೊಂದರಲ್ಲಿ ಉಪ್ಪಿನಲ್ಲಿ ಹಾಕಿದ ಇಡೀ ನಿಂಬೆಹಣ್ಣುಗಳು.

ಅತ್ತೆ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. "ಇದೇನೋ ಬೇಟಾ, ಹಸಿರು ಬಾರಿಕಾಯಿ ಇದ್ದಂಗ ಅವ?"

"ಜೈತೂನ್ ಅಮ್ಮಾ, ಇಂಗ್ಲಿಷಿನಾಗ ಆಲಿವ್ ಅಂತಾರ. ಇದನ್ನ ಹಾಕಿ ಕುರಿ ಮಾಂಸದ ಗೋಷ್ ಮಾಡ್ತಿದ್ರು ಭಾಯಿ. ಆ ಮನಿ ಯಜಮಾನಿ ಮೊರಾಕ್ಕೊ ದೇಶದಾಕಿ. ಆಕೀನೇ ಕಲಿಸಿದ್ದು. ಪ್ರತೀ ಶುಕ್ರವಾರ ಮಾಡ್ತಿದ್ರು. ಈ ಸಲ ರಜಾಕ್ಕ ಹೋದಾಗ ಮನ್ಯಾಗ ನಾನೇ ಮಾಡಿ ಉಣಿಸ್ತೀನಂತ ಇವನ್ನ ಮೊದಲೇ ತಂದಿಟ್ಟಿದ್ರು."

ಅತ್ತೆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡರು. ಕುರಾನಿನ ಒಂದು ಸೂರಾದಲ್ಲಿ ಬರುವ ಜೈತೂನ್ ಎಂಬ ಹೆಸರನ್ನು ಅರವತ್ತು ವರ್ಷದಿಂದ ನಮಾಜಿನಲ್ಲಿ ಹೇಳುತ್ತ ಬಂದವರು ಆ ಕಾಯಿಯನ್ನು ಕಣ್ಣಾರೆ ಕಂಡದ್ದು ಅವತ್ತೇ.

ನನ್ನ ಗಂಡ ಈ ಮನೆಯಲ್ಲಿ ಒಂದು ದಿನವೂ ಒಲೆ ಹಚ್ಚಿದವರಲ್ಲ. ರಜೆಗೆ ಬಂದ ಮನುಷ್ಯ ಮತ್ತೆ ಅದೇ ಕೆಲಸ ಯಾಕೆ ಮಾಡಬೇಕು ಎಂದು ನಾನೂ ಕೇಳಿರಲಿಲ್ಲ. ಅವರ ಕೈಯಡುಗೆ ಹೇಗಿರುತ್ತದೆ ಎಂಬುದೇ ನನಗೆ ತಿಳಿದಿರಲಿಲ್ಲ.

"ನೀನು ತಿಂದಿಲ್ಲ ಅಂತೀಯಲ್ಲ, ಮಾಡೋದು ಹ್ಯಾಂಗಂತ ಗೊತ್ತದ ಏನು?" ಅತ್ತೆ ಕೇಳಿದರು.

"ಎಂಟು ವರ್ಷ ಬಾಜೂಕ ಕೂತು ಉಳ್ಳಾಗಡ್ಡಿ ಬಳ್ಳೊಳ್ಳಿ ಸುಲದು ಕೊಟ್ಟೀನ್ರಿ ಅಮ್ಮಾ. ನನ್ನ ಬ್ಯಾಳಿ ಭಗೋಣಿ ಬ್ಯಾರೆ ಇಟ್ಟಿದ್ರು. ಮಾಂಸ ಮುಟ್ಟಿದ ಕೈ ಸಾಬೂನು ಹಚ್ಚಿ ತೊಳಕೊಂಡ ಮ್ಯಾಲೇ ನನ್ನ ತಾಟಿಗೆ ಕೈ ಹಚ್ಚೋರು. ಬಾಯಾಗ ಇಟ್ಟಿಲ್ಲ ಅಷ್ಟೇ, ಮಾಡೋದು ಎಲ್ಲಾ ಗೊತ್ತದ."

ಅತ್ತೆ ಎದ್ದರು. ಮೊಣಕಾಲು ಹಿಡಿದುಕೊಂಡೇ ಬುರ್ಖಾ ಹಾಕಿಕೊಂಡು ಓಣಿಯ ತುದಿಯ ಖಸಾಯಿ ಅಂಗಡಿಗೆ ಹೊರಟರು. ಹಿಂದಿನಿಂದ ಡ್ರೈವರ್ ಕೂಗಿ ಹೇಳಿದರು: "ಆಡಿಂದು ಬ್ಯಾಡ್ರಿ ಅಮ್ಮಾ, ಕುರಿಮರೀದು. ಎಲುಬು ಇರೋದು, ದೊಡ್ಡ ದೊಡ್ಡ ತುಂಡು."

ಅತ್ತೆ ಬರುವವರೆಗೆ ಅವರು ಹೊರಗಿನ ಕಟ್ಟೆಯ ಮೇಲೆ ಕೂತರು. ನಾನು ಒಳಗೆ ಉಳ್ಳಾಗಡ್ಡಿ ಹೆಚ್ಚಿದೆ. ಆಗಲೂ ಕಣ್ಣಲ್ಲಿ ನೀರು ಬರಲಿಲ್ಲ. ನನಗೇನೋ ಆಗಿದೆ ಅನ್ನಿಸಿದ್ದು ಆವಾಗ.

ಅಡುಗೆ ಶುರುವಾಯಿತು. ನಾನು ಒಲೆಯ ಮುಂದೆ, ಅತ್ತೆ ಪರದೆಯ ಪಕ್ಕದಲ್ಲಿ, ಅವರು ಆಚೆ.

"ಕುಕ್ಕರ್ ಬ್ಯಾಡ್ರಿ ಭಾಬಿ. ದಪ್ಪ ತಳದ ಭಗೋಣಿ ಇಡ್ರಿ. ಮಾಂಸ ಎಣ್ಣ್ಯಾಗ ಕೆಂಪಗ ಆಗ್ಲಿ, ಸುಮ್ಸುಮ್ಕ ತಿರುವಬ್ಯಾಡ್ರಿ."

ಕೆಂಪಗಾದ ತುಂಡುಗಳನ್ನು ತೆಗೆದೆ. ಅದೇ ಎಣ್ಣೆಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹಸಿ ಶುಂಠಿ, ಅರಿಶಿನ, ಕುಟ್ಟಿದ ಮೆಣಸು, ಜೀರಿಗೆ ಪುಡಿ ಹಾಕಿದೆ.

"ಖಾರದ ಪುಡಿ?" ಅತ್ತೆ ಕೇಳಿದರು.

"ಹಾಕಂಗಿಲ್ರಿ."

"ಖಾರ ಇಲ್ದಿದ್ರ ಅದೆಂಥಾ ಗೋಷ್?"

"ನಾನೂ ಹಂಗೇ ಕೇಳಿದ್ದೆ ಅಮ್ಮಾ. ತಿನ್ನಲಾರದಾವ ಸುಮ್ಮನಿರು ಅಂದಿದ್ರು."

ಅತ್ತೆ ನಗಲು ಹೋಗಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಮಾಂಸವನ್ನು ಮತ್ತೆ ಪಾತ್ರೆಗೆ ಹಾಕಿ, ಬಿಸಿನೀರು ಹೊಯ್ದು, ಕೊತ್ತಂಬರಿಯನ್ನು ದಾರದಿಂದ ಕಟ್ಟಿ ಅದರಲ್ಲಿ ಬಿಟ್ಟು ಮುಚ್ಚಿದೆ. ಇನ್ನೊಂದು ಒಲೆಯ ಮೇಲೆ ಜೈತೂನ್‌ಗಳನ್ನು ಒಂದು ಕುದಿ ಕುದಿಸಿ ನೀರು ಚೆಲ್ಲಿದೆ. ಇಲ್ಲದಿದ್ದರೆ ಉಪ್ಪಿಗೆ ಬಾಯಲ್ಲಿಡಲು ಆಗುವುದಿಲ್ಲ ಎಂದು ಅವರು ಆಚೆಯಿಂದ ಹೇಳಿದ್ದರು.

ಮಾಂಸ ಬೇಯುವವರೆಗೆ ಮಾಡಲು ಕೆಲಸವಿರಲಿಲ್ಲ. ಅತ್ತೆ ಅವರಿಗೆ ಚುರುಮುರಿ ನೆನೆಸಿ ಒಗ್ಗರಣೆ ಹಾಕಿ ಸುಸಲಾ ಮಾಡಿ ಕೊಟ್ಟರು. ಅದನ್ನು ತಿನ್ನುತ್ತ ಅವರು ಹೇಳಿದರು: "ಭಾಯಿ ಯಾವಾಗ್ಲೂ ಅಂತಿದ್ರು ಭಾಬಿ, ನನ್ನ ಹೆಂಡ್ತಿಗಿ ಹುಳಿ ಅಂದ್ರ ಜೀವ, ಇದು ಆಕಿಗಿ ಭಾಳ ಸೇರ್ತದ ಅಂತ. ಮದಿವ್ಯಾದ ಹೊಸದಾಗ ನೀವು ಭಾಲ್ಕ್ಯಾಗ ಹಸಿ ಹುಣಸಿಕಾಯಿ ಉಪ್ಪು ಹಚ್ಕೊಂಡು ತಿಂದು, ಹಲ್ಲು ಚುಳುಚುಳು ಅಂತ ಎರಡು ದಿನ ರೊಟ್ಟಿ ತಿನ್ಲಿಲ್ಲಂತ. ಅದನ್ನ ಎಷ್ಟು ಸಲ ಹೇಳ್ಯಾರೋ."

ನನಗೆ ಅದು ಮರೆತೇ ಹೋಗಿತ್ತು. ನೆನಪು ಮಾಡಿಕೊಳ್ಳಲು ನೋಡಿದೆ. ಕಾಯಿ ನೆನಪಾಯಿತು, ಹಲ್ಲು ನೆನಪಾಯಿತು, ಅದನ್ನು ನೋಡುತ್ತ ನಿಂತಿದ್ದ ಅವರ ಮುಖ ನೆನಪಾಗಲಿಲ್ಲ. ಈಗ ನಾನು ಹುಳಿ ಅಷ್ಟಾಗಿ ತಿನ್ನುವುದಿಲ್ಲ, ಹೊಟ್ಟೆ ಉರಿಯುತ್ತದೆ. ಅದು ಅವರಿಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಅಂಥದ್ದನ್ನು ಯಾರು ಹೇಳುತ್ತಾರೆ?

ಒಂದೂವರೆ ಗಂಟೆ ಕಳೆದಿರಬೇಕು. ಪರದೆಯ ಆಚೆಯಿಂದ ಅವರೇ ಹೇಳಿದರು: "ಬಂತು ನೋಡ್ರಿ. ಇದೇ ವಾಸನಿ. ಈಗ ಕಾಯಿ ಹಾಕ್ರಿ. ನಿಂಬಿಕಾಯಿ ಸಿಪ್ಪಿ ಅಷ್ಟೇ ಹೆಚ್ಚಿ ಹಾಕ್ರಿ, ಒಳಗಿಂದು ತಗದುಬಿಡ್ರಿ."

ಮುಚ್ಚಳ ತೆಗೆದು ನೋಡಿದೆ. ಮಾಂಸ ಎಲುಬು ಬಿಡುತ್ತಿತ್ತು. ರುಚಿಯೇ ಗೊತ್ತಿಲ್ಲದ ಆ ಮನುಷ್ಯ ವಾಸನೆಯಿಂದಲೇ ಹದ ಹೇಳಿದ್ದರು. ಕಾಯಿ ಹಾಕಿದೆ, ಸಿಪ್ಪೆ ಹಾಕಿದೆ. ಆಚೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು. ಆಮೇಲೆ ಗಂಡಸು ತಡೆದು ತಡೆದು ಅಳುವ ಸದ್ದು. ಈಚೆ ಅತ್ತೆ ಅವರಿಗಿಂತ ಜೋರಾಗಿ ಅತ್ತರು. ಇಬ್ಬರ ಅಳು ಕೇಳುತ್ತ ನಾನು ಸೌಟು ಆಡಿಸಿದೆ. ತಳ ಹಿಡಿಯಬಾರದಲ್ಲ.

ಊಟಕ್ಕೆ ನಿಲ್ಲದೆ, ಔರಾದಿನ ಬಸ್ಸಿಗೆ ಹೊತ್ತಾಯಿತೆಂದು ಅವರು ಹೊರಟರು. ಬಾಗಿಲಲ್ಲಿ ನಿಂತು, "ಒಮ್ಮೆ ನಮ್ಮ ಮನಿಗಿ ಬರ್ರಿ ಭಾಬಿ, ನಮ್ಮವ್ವ ನಿಮ್ಮನ್ನ ನೋಡ್ಬೇಕಂತಾಳ," ಎಂದರು. ಅವತ್ತು ನಾನು ಅಲ್ಲಿಯವರೆಗೆ ಅವರೊಂದಿಗೆ ಒಂದು ಮಾತೂ ಆಡಿರಲಿಲ್ಲ. "ಬರ್ತೀವ್ರಿ ಅಣ್ಣಾ," ಎಂದೆ.

ಅತ್ತೆ ರೊಟ್ಟಿ ಮುರಿದು ತಿಂದರು. ತಿಂಗಳುಗಳ ಮೇಲೆ ಪೂರ್ತಿ ಒಂದು ರೊಟ್ಟಿ. ಜೈತೂನಿನ ಬೀಜಗಳನ್ನು ತಾಟಿನ ಅಂಚಿಗೆ ಒಂದೊಂದಾಗಿ ಇಟ್ಟರು.

"ಔಷಧಿ ಇದ್ದಂಗ ಅದ ದುಲ್ಹನ್," ಎಂದರು ನನಗೆ. ತಾಟು ಮುಂದೆ ಚಾಚಿ, "ಇನ್ನೊಂದಿಷ್ಟು ಹಾಕು," ಎಂದರು.

ನಾನೂ ತಿಂದೆ. ಮಾಂಸ ಮೆತ್ತಗಿತ್ತು. ಕಾಯಿ ಕಹಿ, ಉಪ್ಪು, ಆಮೇಲೆ ಎಣ್ಣೆಯಂಥ ಏನೋ. ಚೆನ್ನಾಗಿದೆ ಎಂದೂ ಅನ್ನಿಸಲಿಲ್ಲ, ಇಲ್ಲ ಎಂದೂ ಅನ್ನಿಸಲಿಲ್ಲ. ಹೊಟ್ಟೆ ತುಂಬಿತು. ಪಾತ್ರೆ ತೊಳೆದೆ.

ಇದ್ದತ್ ಮುಗಿದ ಮುಂದಿನ ವಾರ ನಾನು ಮತ್ತೆ ಭಾಲ್ಕಿಯ ಬಸ್ಸು ಹತ್ತಿ ಶಾಲೆಗೆ ಹೋದೆ. ಮಕ್ಕಳು ಎದ್ದು ನಿಂತು ನಮಸ್ತೆ ಎಂದವು. ಪಾಠ ಮಾಡಿದೆ. ಆ ಭಾನುವಾರ ಅತ್ತೆಯನ್ನು ಕರೆದುಕೊಂಡು ಎಕಂಬಾಕ್ಕೆ ಹೊರಟೆ. ಡ್ರೈವರ್ ಅಣ್ಣನ ರಜೆ ಇನ್ನು ನಾಲ್ಕೇ ದಿನ ಉಳಿದಿತ್ತು, ಬರಲೇಬೇಕೆಂದು ಫೋನ್ ಮಾಡಿದ್ದರು.

ಔರಾದಿನ ಬಸ್ ನಿಲ್ದಾಣದಲ್ಲಿ ಇಳಿದು ಅವರಿಗಾಗಿ ಸುತ್ತ ನೋಡಿದೆ. ದನಿಯಿಂದ ನಾನು ಎತ್ತರದ, ದಪ್ಪ ಮೀಸೆಯ ಮನುಷ್ಯನನ್ನು ಕಲ್ಪಿಸಿಕೊಂಡಿದ್ದೆ. ಕನ್ನಡಕ ಹಾಕಿದ ಒಬ್ಬ ಸಣಕಲು ಮನುಷ್ಯ ಎದುರಿಗೇ ಬಂದು ನಿಂತ. ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ.

"ಭಾಬಿ, ನಾನೇರಿ," ಎಂದರು.

ಅವರ ಮನೆಯಲ್ಲಿ ಅವರ ತಾಯಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದರು. ಆ ತಾಯಿಯೂ ಅತ್ತೆಯೂ ಒಂದೇ ವಯಸ್ಸಿನವರು, ಕೂತ ಕೂಡಲೇ ಮೊಣಕಾಲಿನ ಮಾತು ಶುರುವಾಯಿತು. ಡ್ರೈವರ್ ಅಣ್ಣ ನಮ್ಮ ಎದುರಿಗೆ ಕೂತು ಊಟ ಮಾಡುತ್ತ ನನ್ನ ಗಂಡನ ಸುದ್ದಿ ತೆಗೆದರು.

"ಒಂದೇ ಒಂದು ಸಲ ನಮ್ಮಿಬ್ಬರಿಗೂ ಜಗಳ ಆಗಿತ್ತು ಭಾಬಿ. ಇಬ್ರೂ ಒಂದೇ ರೂಮಿನಾಗ ಮಲಗ್ತಿದ್ವಿ, ಭಾಯಿ ಭಾಳ ಗೊರಕಿ ಹೊಡೀತಿದ್ರು. ನಾ ಹೇಳಿದ್ರ ನಂಬಂಗಿಲ್ಲ. ಅದು ನನ್ನ ಗೊರಕಿ ಅಲ್ಲ, ಏಸಿ ಸಪ್ಪಳ ಅಂತಿದ್ರು. ಫೋನಿನಾಗ ರೆಕಾರ್ಡ್ ಮಾಡಿ ಕೇಳಿಸ್ದೆ. ಆದ್ರೂ ಏಸಿನೇ ಅಂದ್ರು. ಏಸಿ ರಿಪೇರಿ ಮಾಡಾವನಿಗಿ ಕರಿಸಿದ್ರು! ಅವ ಬಿಚ್ಚಿ ನೋಡಿ ಏನೂ ಆಗಿಲ್ಲಂತ ಹೋದ. ಇವ್ರು ಅವನಿಗಿ ಕೆಲಸ ಬರಂಗಿಲ್ಲಂತ ಬೈದು ಇನ್ನೊಬ್ಬನ್ನ ಕರಿಸಿದ್ರು."

ರೊಟ್ಟಿ ನನ್ನ ಕೈಯಲ್ಲಿಯೇ ನಿಂತಿತು. "ಇಲ್ಲಿ ಕೂಲರ್ ಅಂತಿದ್ರು," ಎಂದೆ.

"ಏನ್ರಿ?"

"ರಜಾಕ್ಕ ಬಂದಾಗ. ಗೊರಕಿ ಅಂದ್ರ, ಅದು ಕೂಲರಿಂದು ಅಂತಿದ್ರು. ಎದ್ದು ಅದಕ್ಕ ಎಣ್ಣಿ ಬಿಡ್ತಿದ್ರು. ಒಂದು ಸಲ ಚಳಿಗಾಲದಾಗ ಬಂದಿದ್ರು. ಕೂಲರ್ ಮ್ಯಾಲೆ ಅಟ್ಟದಾಗ ಇತ್ತು. ಆಗೂ ಕೂಲರೇ ಅಂದ್ರು."

ಹೇಳಿ ಮುಗಿಸುವ ಮೊದಲೇ ನನಗೆ ನಗು ಬಂತು. ಸಣ್ಣ ನಗುವಲ್ಲ. ಬಾಯಲ್ಲಿದ್ದ ತುತ್ತು ನೆತ್ತಿಗೇರಿ ಕೆಮ್ಮು ಹತ್ತಿತು. ಅವರ ತಾಯಿ ನೀರು ಕೊಟ್ಟರು. ಕುಡಿದು ಲೋಟ ಇಟ್ಟೆ, ಮತ್ತೆ ನಗು. ನಾಲ್ಕೂವರೆ ತಿಂಗಳಲ್ಲಿ ಮೈಯಲ್ಲಿ ಮೊದಲು ಎದ್ದದ್ದು ನಗು ಎಂದು ಹೆದರಿಕೆಯಾಯಿತು. ಅತ್ತೆಯ ಕಡೆ ನೋಡಲು ಧೈರ್ಯವಾಗಲಿಲ್ಲ. ಕೊನೆಗೆ ನೋಡಿದರೆ, ಅವರೂ ಸೆರಗಿನೊಳಗೆ ನಗುತ್ತಿದ್ದರು.

"ಅವನ ಅಪ್ಪಾನೂ ಹಂಗೇ," ಎಂದರು. "ಎಮ್ಮಿ ಮ್ಯಾಲೆ ಹಾಕ್ತಿದ್ರು."

ಎಕಂಬಾದ ಆ ಪಡಸಾಲೆಯಲ್ಲಿ ನಾವು ನಾಲ್ವರೂ ಬಹಳ ಹೊತ್ತು ನಕ್ಕೆವು. ಆಮೇಲೆ ಅವರ ತಾಯಿ ನನ್ನ ತಾಟಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿ, ಅದರ ಮೇಲೆ ಬೆಣ್ಣೆ ಇಟ್ಟರು. ಹಸಿವಾಗಿತ್ತು. ತಿಂದೆ.