ವೆನಿಸ್ಸಿನ ಗಂಗವ್ವನಿಗೆ ಮುಡಬಿಯ ಉಡಿ

ವೆನಿಸ್ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನ್ನ ಗಂಡ ಫೋನು ತೆಗೆಯುತ್ತಾರೆ. ಅದರಲ್ಲಿ ಸೇತುವೆಗಳಿವೆ, ದೋಣಿಗಳಿವೆ, ಎಲ್ಲದರ ಮುಂದೆ ಅವರ ಟೊಪ್ಪಿಗೆಯೂ ಇದೆ. ನಾನು ಆ ಊರಿಗೆ ಒಂದು ತೆಂಗಿನಕಾಯಿ ಹೊತ್ತುಕೊಂಡು ಹೋಗಿದ್ದೆ. ಅದರ ಫೋಟೋ ಇಲ್ಲ.

ಹುಮನಾಬಾದಿನ ಶಾಲೆಯಿಂದ ನಾನು ನಿವೃತ್ತಳಾದ ಮೇಲೆ, ಬಸವಕಲ್ಯಾಣದ ಒಂದು ಟೂರಿನ ಗುಂಪಿಗೆ ಸೇರಿ ನಾವಿಬ್ಬರೂ ಯುರೋಪಿಗೆ ಹೊರಟೆವು. ಮುಂಚಿನ ದಿನ ಗಂಡನ ಊರು ಮುಡಬಿಗೆ ಹೋಗಿ ಅತ್ತೆಯ ಕಾಲಿಗೆ ಬಿದ್ದೆವು. ನೀರಿನ ನಡುವೆ ಕಟ್ಟಿದ ಊರಿಗೂ ಹೋಗುತ್ತೇವೆ ಎಂದು ನನ್ನ ಗಂಡ ಅವರಿಗೆ ಮೊದಲೇ ಫೋನಿನಲ್ಲಿ ಕೊಚ್ಚಿಕೊಂಡಿದ್ದರು. ಅತ್ತೆ ಒಂದು ಗಂಟು ಸಿದ್ಧ ಮಾಡಿ ಇಟ್ಟಿದ್ದರು. ರವಿಕೆಯ ಹಸಿರು ಖಣ, ಬಳೆ, ಅಕ್ಕಿ, ಅರಿಶಿನ ಕುಂಕುಮ, ತೆಂಗಿನಕಾಯಿ. ಗಂಗವ್ವನಿಗೆ ತುಂಬುವ ಉಡಿ.

ನಮ್ಮ ಕಡೆ ಹಳ್ಳ, ಬಾವಿ ತುಂಬಿದರೆ ಹೆಂಗಸರು ಹೋಗಿ ನೀರಿಗೆ ಉಡಿ ತುಂಬುತ್ತಾರೆ, ತವರಿಗೆ ಬಂದ ಮಗಳ ಮಡಿಲು ತುಂಬುವ ಹಾಗೆ. ಮಾವ ಇರುವವರೆಗೆ ಆ ಗುಂಪಿನ ಮುಂದೆ ಹಾಡು ಹೇಳುತ್ತ ನಡೆಯುತ್ತಿದ್ದವರು ಅತ್ತೆಯೇ. ಮಾವ ತೀರಿಕೊಂಡ ಮೇಲೆ ಮನೆಯ ಕಟ್ಟೆಯ ಮೇಲೆ ಕೂತು ಬೇರೆಯವರು ಹೋಗುವುದನ್ನು ನೋಡುತ್ತಾರೆ. ವಿಧವೆ ಉಡಿ ತುಂಬಬಾರದು, ಅವಳ ಉಡಿಯನ್ನೂ ಯಾರೂ ತುಂಬಬಾರದು. ಶರಣರ ನಾಡು ನಮ್ಮದು ಎಂದು ಮೈಕು ಸಿಕ್ಕಲ್ಲೆಲ್ಲ ಹೇಳುತ್ತೇವೆ. ಮೈಕು ಬಂದ್ ಆದ ಮೇಲೆ ಇದು.

“ಇಲ್ಲಿ ನೀರಿಗಿ ನನ್ನ ಹಣೇಬರಹ ಮಾಲೂಮದ,” ಎಂದರು ಅತ್ತೆ. “ಅಲ್ಲಿ ನೀರಿಗಿ ಏನೂ ಮಾಲೂಮಿಲ್ಲ. ನನ್ನ ಹೆಸರ್ಲೆ ಹಾಕವ್ವ. ಇಸ್ಕೊತಾಳೇನು ನೋಡು.”

ನನ್ನ ಗಂಡ ನಕ್ಕರು. ನಾನು ಗಂಟನ್ನು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟೆ.

ವಿಮಾನ ಇಳಿದ ಕೂಡಲೇ ಸೂಟ್‌ಕೇಸು ಬಿಚ್ಚಿಸಿದ ಅಧಿಕಾರಿ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಒಳಗೆ ನೀರು ಎಂದೆ. ನೀರಿನ ಊರಿಗೆ ನೀರು ತಂದವಳನ್ನು ನೋಡಿ ನಕ್ಕು ಬಿಟ್ಟುಬಿಟ್ಟ.

ವೆನಿಸ್ ಚಂದದ ಊರು, ಇಲ್ಲ ಅನ್ನುವುದಿಲ್ಲ. ನಿಂತು ನೋಡಲು ಜಾಗ ಬೇಕಲ್ಲ! ದೊಡ್ಡ ಚೌಕದಲ್ಲಿ ಮನುಷ್ಯರು ಪಾರಿವಾಳಗಳ ಫೋಟೋ ತೆಗೆಯುತ್ತಿದ್ದರು, ಪಾರಿವಾಳಗಳು ಮನುಷ್ಯರ ತಿಂಡಿ ಎತ್ತುತ್ತಿದ್ದವು. ನಿಟ್ಟುಸಿರಿನ ಸೇತುವೆ ಎಂಬುದೊಂದಿದೆ. ಹಿಂದೆ ಕೈದಿಗಳು ಅದರ ಕಿಟಕಿಯಿಂದ ಕೊನೆಯ ಸಲ ಊರು ನೋಡಿ ನಿಟ್ಟುಸಿರು ಬಿಡುತ್ತಿದ್ದರಂತೆ. ಈಗ ಅದನ್ನು ನೋಡಲು ಎದುರಿನ ಸೇತುವೆಯ ಮೇಲೆ ನಿಂತವರು, ಹಿಂದಿನವರ ಮೊಣಕೈ ತಿವಿಸಿಕೊಂಡು, ಅದಕ್ಕಿಂತ ದೊಡ್ಡ ನಿಟ್ಟುಸಿರು ಬಿಡುತ್ತಾರೆ. ಉದ್ದನೆಯ ಕಪ್ಪು ದೋಣಿಯಲ್ಲಿ ಅಂಬಿಗ ಹಾಡುತ್ತಾನೆ ಎಂದು ಕೇಳಿದ್ದೆ. ನಮ್ಮವನು ದಾರಿಯುದ್ದಕ್ಕೂ ಫೋನಿನಲ್ಲಿ ಯಾರನ್ನೋ ಬೈದ. ದನಿ ಮಾತ್ರ ಚೆನ್ನಾಗಿತ್ತು.

ಗುಂಪಿನಲ್ಲಿ ಬಸವಕಲ್ಯಾಣದ ಬಟ್ಟೆ ಅಂಗಡಿಯ ಸಾಹುಕಾರರ ಹೆಂಡತಿ ಇದ್ದರು. ಏನು ನೋಡಿದರೂ ಅವರಿಗೆ ಊರೇ ನೆನಪು. “ಮನಿ ಮುಂದ ನೀರ ನಿಂತಿದ್ದು ನೋಡಾಕ ಇಷ್ಟ ದೂರ ಬರಬೇಕಿತ್ತೇನ್ರಿ? ಶ್ರಾವಣದಾಗ ನಮ್ಮ ಓಣಿಗಿ ಬರ್ರಿ!” ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯಿಂದ ಗಾಜಿನ ಕುದುರೆ ಎದ್ದು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು “ಕೈಬಳಿ ಮಾಡ್ತಾರೇನು ಕೇಳ್ರಿ” ಎಂದರು. ನನಗೆ ಅವರು ಬಹಳ ಇಷ್ಟವಾದರು, ಆ ಸಂಜೆಯವರೆಗೆ.

ಕಾಲುವೆಗೆ ಏನೂ ಹಾಕಬಾರದು, ದಂಡ ಬೀಳುತ್ತದೆ ಎಂದು ಗೈಡ್ ಬೆಳಿಗ್ಗೆಯೇ ಹೇಳಿದ್ದ. ಮರುದಿನ ಬೇರೆ ಊರಿಗೆ ಹೋಗಬೇಕು. ಗಂಟು ಬಿಚ್ಚದೆ ವಾಪಸ್ ಒಯ್ದರೆ ಅತ್ತೆಗೆ ಏನು ಹೇಳಲಿ? ಅಲ್ಲಿಯ ನೀರೂ ಒಲ್ಲೆನೆಂದಿತು ಎಂದೇ? ಸಂಜೆ ಹೋಟೆಲಿನ ಹಿಂದಿನ ಓಣಿಯಲ್ಲಿ, ಕಾಲುವೆಗೆ ಇಳಿಯುವ ಪಾಚಿ ಹಿಡಿದ ಮೆಟ್ಟಿಲು ಸಿಕ್ಕಿತು. ಗಂಡನನ್ನು ಓಣಿಯ ಬಾಯಿಗೆ ಕಾವಲು ನಿಲ್ಲಿಸಿದೆ. ಕಾವಲೇನು ಬಂತು, ಎದುರು ಬಾಲ್ಕನಿಯ ಹೂವಿನ ಫೋಟೋ ತೆಗೆಯುತ್ತ ನಿಂತರು.

ನಾನು ಗಂಟು ಬಿಚ್ಚುವಷ್ಟರಲ್ಲಿ ಸಾಹುಕಾರರ ಹೆಂಡತಿ ಬೆನ್ನ ಹಿಂದೆ ಬಂದಿದ್ದರು. ಖಣ ನೋಡಿ ಅವರ ಮುಖ ಅರಳಿತು. “ಉಡಿ ತುಂಬಾಕತ್ತೀರೇನ್ರಿ ಟೀಚರ್ರ? ತಡೀರಿ, ನಾ ಹಾಡ ಹೇಳ್ತೀನಿ.”

“ಹೇಳ್ರಿ. ಇದು ನಮ್ಮ ಅತ್ತಿಯವರ ಉಡಿ.”

“ಅವರ ಯಜಮಾನ್ರು?”

“ತೀರಿಕೊಂಡಾರ.”

“ಅಯ್ಯ ಶಿವನೇ! ಹಂಗ ಮಾಡಬಾರದ್ರಿ. ನೀವು ಮುತ್ತೈದಿ ಇದ್ದೀರಿ, ನಿಮಗ ಒಳ್ಳೇದಲ್ಲ. ಬೇಕಾರ ನಿಮ್ಮ ಹೆಸರ್ಲೆ ತುಂಬ್ರಿ.”

ಸಾಮಾನಿನ ತೂಕ ಹೆಚ್ಚಾಯಿತೆಂದು ಈ ಗುಂಪಿನವರು ರೊಟ್ಟಿಯ ಜೊತೆ ತಿನ್ನುವ ಶೇಂಗಾ ಹಿಂಡಿಯ ಡಬ್ಬಿಗಳನ್ನೇ ಬಿಟ್ಟು ಬಂದಿದ್ದರು. ಈ ಶಾಸ್ತ್ರವನ್ನು ಮಾತ್ರ ಒಂದು ಚೂರೂ ಬಿಡದೆ ತಂದಿದ್ದರು.

“ಈ ನೀರಿಗಿ ಕನ್ನಡ ಬರೂದಿಲ್ರಿ,” ಎಂದೆ. “ನೀವು ಸುಮ್ಮನಿದ್ರ ಅದಕ್ಕೇನೂ ತಿಳಿಯೂದಿಲ್ಲ.”

ಅತ್ತೆಯ ಹೆಸರು ಹೇಳಿ ಎಲ್ಲವನ್ನೂ ನೀರಿಗೆ ಬಿಟ್ಟೆ. ಅಕ್ಕಿ ಚದುರಿತು, ಬಳೆ ಮುಳುಗಿದವು, ಖಣ ಸ್ವಲ್ಪ ಹೊತ್ತು ಉಬ್ಬಿ ನಿಂತು ಕೆಳಗಿಳಿಯಿತು. ಕಾಯಿ ತೇಲುತ್ತ ದೂರ ಹೋಯಿತು. ಅಷ್ಟರಲ್ಲಿ ಮೋಟಾರು ದೋಣಿಯೊಂದು ಹಾದುಹೋಯಿತು. ಅದರ ಅಲೆ ಕಾಯಿಯನ್ನು ಹೊತ್ತು ತಂದು ನನ್ನ ಕಾಲ ಬಳಿಯ ಮೆಟ್ಟಿಲಿಗೆ ಬಡಿಯಿತು.

“ನೋಡ್ರಿ, ಒಲ್ಲೆ ಅಂದಳು,” ಎಂದಿತು ಹಿಂದಿನ ದನಿ.

ನಮ್ಮಲ್ಲಿ ಉಡಿ ತುಂಬಿಸಿಕೊಂಡವಳು ಹಾಗೇ ಎದ್ದು ಹೋಗುವುದಿಲ್ಲ. ತನ್ನ ಉಡಿಯಿಂದ ಒಂದಿಷ್ಟು ತೆಗೆದು ತುಂಬಿದವಳಿಗೆ ಮರಳಿ ಕೊಡುತ್ತಾಳೆ. ಸಾಹುಕಾರರ ಹೆಂಡತಿಗೂ ಇದು ಗೊತ್ತಿತ್ತು. ನಾನು ಬಾಗಿ ಕಾಯಿ ಎತ್ತಿಕೊಂಡೆ.

ಊರಿಗೆ ಮರಳಿ ಮುಡಬಿಗೆ ಹೋದಾಗ ನನ್ನ ಗಂಡ ಫೋನಿನಲ್ಲಿ ಸೇತುವೆ ತೋರಿಸುತ್ತಿದ್ದರೆ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. “ಇಸ್ಕೊಂಡಳೇನವ್ವ?”

“ಇಸ್ಕೊಂಡಳ್ರಿ. ನಿಮ್ಮ ಉಡಿಗಿ ಇದನ್ನ ಕೊಟ್ಟು ಕಳಿಸ್ಯಾಳ. ಸೆರಗು ಹಿಡೀರಿ.”

ಅತ್ತೆ ಹೊರಗೆ ನೋಡಿದರು. ಪಕ್ಕದ ಮನೆಯ ಹೆಂಗಸರು ನಮ್ಮ ಕಟ್ಟೆಯ ಹತ್ತಿರವೇ ನಿಂತಿದ್ದರು. “ಮಂದಿ ನೋಡಾಕತ್ತಾರ,” ಎಂದರು.

“ನೋಡ್ಲಿ ಬಿಡ್ರಿ. ನಾವು ನೋಡಾಕಂತ ಅಷ್ಟು ದೂರ ಹೋಗಿದ್ವಿ. ಅವರು ನಿಂತಲ್ಲೇ ನೋಡ್ಲಿ.”

ಸೆರಗು ಹಿಡಿಯುವುದು ಅವರ ಕೈಗೆ ಮರೆತುಹೋಗಿತ್ತು. ಒಂದು ತುದಿ ಜಾರಿತು. ಮತ್ತೆ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದರು. ಕಾಯಿ ಹಾಕಿದ ಮೇಲೂ ಬಹಳ ಹೊತ್ತು ಬಿಡದೆ ಹಾಗೆಯೇ ನಿಂತಿದ್ದರು.